ಬಸವನ ಪರವಾಗಿ ಯಾರೂ ಇರಲಿಲ್ಲ: ಒಂದು ಓದುಗರ ಬಳಗದ ಪ್ರಕರಣ

ಮೈಸೂರಿನ ನಮ್ಮ ಓದುಗರ ಬಳಗ ಒಂದು ಪುಸ್ತಕಕ್ಕೆ ಒಂದು ತಿಂಗಳು ಕೊಡುತ್ತದೆ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಐದು ತಿಂಗಳು ತೆಗೆದುಕೊಂಡಿತು. ಆ ಐದು ತಿಂಗಳಲ್ಲಿ ಇಬ್ಬರು ಹಿರಿಯರು ಮಾತು ಬಿಟ್ಟರು, ಒಬ್ಬರು ಬಳಗವನ್ನೇ ಬಿಟ್ಟರು, ಸಭೆ ಸೇರುವ ಜಾಗ ಬದಲಾಯಿತು. ಹಾಗಿದ್ದರೂ ಹನ್ನೊಂದು ವರ್ಷಗಳ ನಮ್ಮ ಓದಿನಲ್ಲಿ ಇಷ್ಟು ಆಳಕ್ಕೆ ಇಳಿದ ಪುಸ್ತಕ ಬೇರೊಂದಿಲ್ಲ. ಚಾರಿತ್ರಿಕ ಕಾದಂಬರಿಯನ್ನು ಗುಂಪಾಗಿ ಓದುವ ಇತರರಿಗೆ ಉಪಯೋಗವಾಗಲಿ ಎಂದು, ಸಂಚಾಲಕಿಯಾಗಿ ನಾನು ಮಾಡಿದ ತಪ್ಪುಗಳನ್ನೂ ಸೇರಿಸಿ, ನಡೆದದ್ದನ್ನು ಬರೆದಿಡುತ್ತಿದ್ದೇನೆ. ಸದಸ್ಯರ ಹೆಸರುಗಳನ್ನು ಬಿಟ್ಟಿದ್ದೇನೆ. ಉದ್ಯೋಗ, ವಯಸ್ಸು, ಊರುಗಳನ್ನು ಅಲ್ಪಸ್ವಲ್ಪ ಬದಲಿಸಿದ್ದೇನೆ. ಮನೆಯ ವಿಷಯ ಹೇಳಿಕೊಂಡವರಿಗೆ ಈ ಬರಹವನ್ನು ಮೊದಲೇ ಓದಿ ಹೇಳಿ ಒಪ್ಪಿಗೆ ಪಡೆದಿದ್ದೇನೆ.

ಹಿನ್ನೆಲೆ

ಬಳಗದಲ್ಲಿ ಹದಿಮೂರು ಜನ ಇದ್ದೆವು. ತಿಂಗಳ ಎರಡನೆಯ ಭಾನುವಾರ ಸಂಜೆ ನಾಲ್ಕಕ್ಕೆ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರ ಮನೆಯ ಮಹಡಿಯಲ್ಲಿ ಸೇರುತ್ತಿದ್ದೆವು. ಅವರನ್ನು ನಾವೆಲ್ಲ ಮೇಷ್ಟ್ರು ಎಂದೇ ಕರೆಯುತ್ತೇವೆ, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಈ ಪ್ರಕರಣದಲ್ಲಿ ಮುಖ್ಯರಾದವರು ಇನ್ನು ನಾಲ್ವರು. ಒಬ್ಬರು ಸುಳ್ಯದ ಕಡೆಯ ಅರೆಭಾಷೆ ಗೌಡ ಮನೆತನದವರು, ಬ್ಯಾಂಕಿನಿಂದ ನಿವೃತ್ತರು. ಇನ್ನೊಬ್ಬರು ದಕ್ಷಿಣ ಕೊಡಗಿನ ಕೊಡವರು, ತೋಟವನ್ನು ತಮ್ಮನಿಗೆ ಬಿಟ್ಟು ಮಕ್ಕಳ ಓದಿಗಾಗಿ ಮೈಸೂರಿಗೆ ಬಂದು ಇಲ್ಲಿಯೇ ನೆಲೆಸಿದವರು. ಮೂರನೆಯವರು ವಕೀಲೆ. ನಾಲ್ಕನೆಯವಳು ಬಳಗಕ್ಕೆಲ್ಲ ಕಿರಿಯಳು, ಒಂದು ರಕ್ತ ಪರೀಕ್ಷಾಲಯದಲ್ಲಿ ಕೆಲಸ ಮಾಡುತ್ತಾಳೆ.

ಬ್ಯಾಂಕಿನವರೂ ತೋಟದವರೂ ಗೆಳೆಯರು. ಸಭೆ ಮುಗಿದ ಮೇಲೆ ಒಟ್ಟಿಗೆ ನಡೆದುಕೊಂಡು ಹೋಗುತ್ತಿದ್ದರು. ಒಬ್ಬರ ಮನೆಯಲ್ಲಿ ಕಿತ್ತಳೆ ಬಂದರೆ ಇನ್ನೊಬ್ಬರ ಮನೆಗೂ ಒಂದು ಚೀಲ ಹೋಗುತ್ತಿತ್ತು. ಇಬ್ಬರೂ ಕೊಡಗಿನ ಹಳೆಯ ಅರಸೊತ್ತಿಗೆಯ ನೆರಳಿನಲ್ಲಿ ಬಾಳಿದ ಮನೆತನಗಳವರು. ಆದರೆ ಒಂದು ಮನೆ ಘಟ್ಟದ ಮೇಲಿನದು, ಇನ್ನೊಂದು ಘಟ್ಟದ ಕೆಳಗಿನದು. ಆ ವ್ಯತ್ಯಾಸ ಇಷ್ಟು ದೊಡ್ಡದೆಂದು ಪುಸ್ತಕವನ್ನು ಆರಿಸುವಾಗ ನನಗೆ ತಿಳಿದಿರಲಿಲ್ಲ.

ಆರಿಸಿದವಳು ನಾನೇ. 1956ರಲ್ಲಿ ಬಂದ ಕಾದಂಬರಿ, 1983ರ ಜ್ಞಾನಪೀಠ ಪ್ರಶಸ್ತಿ ತಂದದ್ದು, ಕೊಡಗನ್ನು ಆಳಿದ ಹಾಲೇರಿ ವಂಶದ ಕೊನೆಯ ಅರಸನ ಪತನದ ಕಥೆ. ಇಷ್ಟೇ ಹೇಳಿ ಪಟ್ಟಿಗೆ ಸೇರಿಸಿದೆ. ಕಥೆಯ ನಾಡಿನ ಇಬ್ಬರು ನಮ್ಮೊಡನೆ ಕುಳಿತಿದ್ದಾರೆ, ಅವರನ್ನು ಮೊದಲು ಒಂದು ಮಾತು ಕೇಳೋಣ ಎಂದು ನನಗೆ ಹೊಳೆಯಲಿಲ್ಲ. ಮುಂದೆ ನಡೆದದ್ದರಲ್ಲಿ ಅರ್ಧ ಭಾಗ ಈ ಮರೆವಿನಿಂದಲೇ ಹುಟ್ಟಿತು ಎಂದು ಈಗ ಅನಿಸುತ್ತದೆ.

ಸಮಸ್ಯೆ

ಮೊದಲ ಸಭೆ ಚೆನ್ನಾಗಿಯೇ ಆರಂಭವಾಯಿತು. ಕೆಡುಕ ಅರಸ, ಅವನ ಬೆನ್ನಿಗಿರುವ ಕುಂಟ ಬಸವ, ಎಲ್ಲವನ್ನೂ ಸಹಿಸಿ ಮನೆ ಕಾಯುವ ರಾಣಿ ಗೌರಮ್ಮ, ಕೈಕಟ್ಟಿ ನೋಡಲೂ ಆಗದೆ ಕೈಯೆತ್ತಲೂ ಆಗದೆ ಒದ್ದಾಡುವ ಮಂತ್ರಿಗಳು, ಬೇಲಿಯ ಆಚೆ ಕಾದು ಕುಳಿತ ಈಸ್ಟ್ ಇಂಡಿಯಾ ಕಂಪನಿ. ಮೇಷ್ಟ್ರು ಅರ್ಧ ಗಂಟೆ ಮಾತನಾಡಿದರು. ಈ ಕಾದಂಬರಿಯಲ್ಲಿ ಒಂದು ರಾಜ್ಯ ಯುದ್ಧದಲ್ಲಿ ಸೋಲುವುದಿಲ್ಲ, ಮನೆಯೊಳಗಿನಿಂದ ಕೊಳೆಯುತ್ತದೆ ಎಂದರು. ಬಿದನೂರಿನ ಪತನವನ್ನು ಕುರಿತ ‘ಚೆನ್ನಬಸವ ನಾಯಕ’ದಲ್ಲಿಯೂ ಮಾಸ್ತಿಯವರು ಇದೇ ಪ್ರಶ್ನೆಯನ್ನು ಹಿಡಿದಿದ್ದರೆಂದು ನೆನಪಿಸಿದರು.

ಆಗ ಬ್ಯಾಂಕಿನವರು, “ಒಳಗೆ ಕೊಳೆತಿತ್ತು ಎಂದು ಯಾರು ಹೇಳಿದರು ಮೇಷ್ಟ್ರೇ? ಹೊರಗೆ ಕಾದು ಕುಳಿತವರೇ ತಾನೆ?” ಎಂದು ಕೇಳಿದರು.

ಅವರ ವಾದ ಹೀಗಿತ್ತು. 1834ರ ಏಪ್ರಿಲ್‌ನಲ್ಲಿ ಕಂಪನಿಯ ಸೇನೆ ಮಡಿಕೇರಿಗೆ ಬಂತು. ಮುಂದಿನ ತಿಂಗಳೇ, ಕೊಡಗಿನ ಜನರೆಲ್ಲ ಒಂದೇ ಮನಸ್ಸಿನಿಂದ ಕಂಪನಿಯ ಆಳ್ವಿಕೆಯನ್ನು ಬಯಸಿದರೆಂದು ಘೋಷಣೆ ಹೊರಟಿತು. ಅದು ನಿಜವಾಗಿದ್ದರೆ ಮೂರೇ ವರ್ಷಕ್ಕೆ, 1837ರಲ್ಲಿ, ಸುಳ್ಯ ಸೀಮೆಯ ಜನ ಹಾಲೇರಿ ವಂಶದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಏಕೆ ದಂಗೆ ಎದ್ದರು? ಮಂಗಳೂರಿನವರೆಗೆ ಹೋಗಿ ಬಾವುಟಗುಡ್ಡೆಯಲ್ಲಿ ಬಾವುಟ ಏಕೆ ಹಾರಿಸಿದರು? ಗುಡ್ಡೆಮನೆ ಅಪ್ಪಯ್ಯ ಗೌಡರು ಮಡಿಕೇರಿಯ ಕೋಟೆಯಲ್ಲಿ ಏಕೆ ನೇಣಿಗೇರಿದರು? ಘಟ್ಟದ ಕೆಳಗಿನ ಮಾಗಣೆಗಳನ್ನು, ಅಂದರೆ ಹಳ್ಳಿಗಳ ಗುಂಪುಗಳನ್ನು, ಕೊಡಗಿನಿಂದ ಕಡಿದು ಕೆನರಾ ಜಿಲ್ಲೆಗೆ ಸೇರಿಸಿದ್ದರು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿದ್ದರು. ಅರಸನ ಕಾಲವೇ ಮೇಲು ಎಂದು ಜನಕ್ಕೆ ಅನಿಸಿತ್ತು. “ಅರಸನನ್ನು ರಾಕ್ಷಸನೆಂದು ಬರೆದವರು ಅವನ ರಾಜ್ಯ ತೆಗೆದುಕೊಂಡವರು. ಆ ಬರಹ ಕಾದಂಬರಿಯ ಒಳಗೂ ಬಂದು ಕುಳಿತಿದೆ. ನಮ್ಮ ಹಿರಿಯರ ದಂಗೆಯನ್ನು ‘ಕಲ್ಯಾಣಪ್ಪನ ಕಾಟುಕಾಯಿ’ ಎಂದು ಲೂಟಿಯ ಹಾಗೆ ಕರೆದರಲ್ಲ, ಅದೇ ಬಾಯಿ ಇದು” ಎಂದರು.

ತೋಟದವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಮನೆತನದ ಮೂಲ ಮನೆಯ ಬಗ್ಗೆ ಒಂದೇ ಮಾತು ಹೇಳಿದರು: “ನಮ್ಮ ಐನ್‌ಮನೆಯಲ್ಲಿ ದೀಪ ಹಚ್ಚಿದ ಮೇಲೆ ಆ ಅರಸನ ಹೆಸರು ಎತ್ತುತ್ತಿರಲಿಲ್ಲ.”

ಸಭೆ ಅಲ್ಲಿಗೆ ಮುಗಿಯಿತು. ಜಗಳ ಮುಗಿಯಲಿಲ್ಲ. ರಾತ್ರಿ ಬಳಗದ ವಾಟ್ಸ್‌ಆಪ್ ಗುಂಪಿನಲ್ಲಿ ಮುಂದುವರಿಯಿತು. ಹನ್ನೊಂದು ಗಂಟೆಯ ಹೊತ್ತಿಗೆ ಬ್ಯಾಂಕಿನವರು ಒಂದು ಸಾಲು ಬರೆದರು: “ಪದಕ ಸಿಕ್ಕಿದ ಮನೆಗಳ ನೆನಪು ಬೇರೆಯೇ ಇರುತ್ತದೆ.” 1837ರ ದಂಗೆಯಲ್ಲಿ ಕಂಪನಿಯ ಪರ ನಿಂತ ಕೊಡವರಿಗೆ ಪದಕಗಳನ್ನು ಕೊಟ್ಟದ್ದು ದಾಖಲಾದ ಸಂಗತಿ. ಆ ಸಾಲು ಯಾರ ಕಡೆಗೆ ಎಂದು ಎಲ್ಲರಿಗೂ ಅರ್ಥವಾಯಿತು. ಎದುರಿಗೆ ಕುಳಿತಿದ್ದರೆ ಆ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ ಎಂದು ನಾನು ಖಂಡಿತವಾಗಿ ಹೇಳಬಲ್ಲೆ. ಮರುದಿನ ಬೆಳಿಗ್ಗೆ ಅವರು ಅದನ್ನು ಅಳಿಸಿದರು. ಆ ವೇಳೆಗೆ ತೋಟದವರು ಓದಿಯಾಗಿತ್ತು.

ಮಾಡಿ ನೋಡಿದ್ದು

ದಾಖಲೆಗಳನ್ನು ಮುಂದಿಟ್ಟರೆ ಬಿಸಿ ಇಳಿಯುತ್ತದೆ ಎಂದು ನಾನು ನಂಬಿದೆ. ಎರಡನೆಯ ಸಭೆಗೆ ಎಲ್ಲರೂ ತಮಗೆ ಸಿಕ್ಕ ಆಧಾರಗಳನ್ನು ತರಬೇಕು ಎಂದು ತೀರ್ಮಾನಿಸಿದೆ. ಮೇಜಿನ ಮೇಲೆ ರಾಶಿಯೇ ಬಿತ್ತು. ಅರಸನ ದೊಡ್ಡಪ್ಪ ದೊಡ್ಡವೀರರಾಜೇಂದ್ರ ಬರೆಸಿದ ‘ರಾಜೇಂದ್ರನಾಮೆ’, 1855ರಲ್ಲಿ ಬಂದ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗರ ಕೊಡಗಿನ ವೃತ್ತಾಂತ, 1870ರಲ್ಲಿ ಬಂದ ರಿಕ್ಟರರ ಕೊಡಗಿನ ಕೈಪಿಡಿ, ಅಮರ ಸುಳ್ಯ ದಂಗೆ ಎಂದು ಕರೆಯುವ ಆ 1837ರ ದಂಗೆಯ ಬಗ್ಗೆ ಇತ್ತೀಚಿನ ಬರಹಗಳು.

ವಕೀಲೆ ಸಾಕ್ಷಿಗಳನ್ನು ತೂಗುವ ಕ್ರಮವನ್ನು ವಿವರಿಸಿದರು. ಮೋಗ್ಲಿಂಗರು ಕೊಡಗಿಗೆ ಬಂದು ನೆಲೆಸಿದ್ದು 1853ರಲ್ಲಿ, ಅರಸ ಪಟ್ಟ ಕಳೆದುಕೊಂಡ ಹತ್ತೊಂಬತ್ತು ವರ್ಷಗಳ ಮೇಲೆ. ಅವರು ಕಣ್ಣಾರೆ ಕಂಡವರಲ್ಲ. ಆದರೆ ಕಂಡವರು ಇನ್ನೂ ಬದುಕಿದ್ದ ಕಾಲದಲ್ಲಿ ಕೇಳಿ ಬರೆದವರು. ಅರಸ 1852ರಲ್ಲಿ ಲಂಡನ್ನಿಗೆ ಹೋದ. ದೊಡ್ಡವೀರರಾಜೇಂದ್ರ ಕಂಪನಿಯಲ್ಲಿ ಹೂಡಿದ್ದ ಹಣ ತನಗೆ ಸೇರಬೇಕೆಂದು ಅಲ್ಲಿ ದಾವೆ ಹಾಕಿದ. ಅಂದರೆ ಅವನು ಕೆಟ್ಟವನೆಂದು ತೋರಿಸುವುದರಲ್ಲಿ ಕಂಪನಿಗೆ ಹಿತಾಸಕ್ತಿ ಇತ್ತು. “ಹಿತಾಸಕ್ತಿ ಇದ್ದ ಮಾತ್ರಕ್ಕೆ ಸಾಕ್ಷಿ ಸುಳ್ಳಾಗುವುದಿಲ್ಲ. ತೂಗುವಾಗ ಕೈ ಗಟ್ಟಿ ಇರಬೇಕು, ಅಷ್ಟೇ” ಎಂದರು. ಇಡೀ ಪ್ರಕರಣದಲ್ಲಿ ಕೇಳಿದ ಒಳ್ಳೆಯ ಮಾತುಗಳಲ್ಲಿ ಅದೂ ಒಂದು. ಆದರೆ ಕೋಣೆ ಅಷ್ಟರಲ್ಲಿಯೇ ನ್ಯಾಯಾಲಯವಾಗಿಬಿಟ್ಟಿತ್ತು. ಕಾದಂಬರಿಯನ್ನು ಕೈಯಲ್ಲಿ ಹಿಡಿದವರು ಒಬ್ಬರೂ ಇರಲಿಲ್ಲ. ಮೇಷ್ಟ್ರು ಕಿಟಕಿಯ ಕಡೆ ತಿರುಗಿ ಕುಳಿತಿದ್ದರು.

ಆ ಸಂಜೆ ತೋಟದವರು ಮನೆಯ ಕಥೆಯನ್ನು ಹೇಳಲು ಆರಂಭಿಸಿದರು. ಅರಮನೆಯಿಂದ ಕರೆ ಬಂದು ಹೋದ ಇಬ್ಬರು ಗಂಡಸರ ಕಥೆ. ನಾಲ್ಕು ವಾಕ್ಯ ಹೇಳಿರಬೇಕು, ನಾನು ಮಧ್ಯೆ ಬಾಯಿ ಹಾಕಿ, “ಇದಕ್ಕೆ ದಾಖಲೆ ಏನಾದರೂ ಇದೆಯೇ?” ಎಂದು ಕೇಳಿದೆ. ಎಲ್ಲರಿಗೂ ಒಂದೇ ನಿಯಮ ಇರಲಿ ಎಂಬುದು ನನ್ನ ಮನಸ್ಸಿನಲ್ಲಿತ್ತು. ಅವರು ನನ್ನ ಮುಖವನ್ನು ನೋಡಿ, “ಇಲ್ಲಮ್ಮ, ದಾಖಲೆ ಇಲ್ಲ” ಎಂದು ಹೇಳಿ ಪುಸ್ತಕವನ್ನು ಮುಚ್ಚಿದರು. ಕಾಫಿ ಬರುವ ಮೊದಲೇ ಎದ್ದು ಹೋದರು.

ನಾನು ಮಾಡಿದ ಎರಡು ತಪ್ಪುಗಳಲ್ಲಿ ದೊಡ್ಡದು ಇದು. ಬ್ಯಾಂಕಿನವರ ಸಾಲು ಸಿಟ್ಟಿನಲ್ಲಿ ಬಂದದ್ದು, ಬೆಳಗಾಗುವುದರೊಳಗೆ ಅವರೇ ನಾಚಿದರು. ನನ್ನ ಪ್ರಶ್ನೆ ತಣ್ಣಗೆ, ನ್ಯಾಯದ ಹೆಸರಿನಲ್ಲಿ ಬಂದಿತ್ತು. ಮನೆಯ ಹಿರಿಯರು ತಲೆಮಾರುಗಳಿಂದ ಹೇಳಿಕೊಂಡು ಬಂದದ್ದನ್ನು ನಾನು ಬಾಗಿಲಲ್ಲೇ ನಿಲ್ಲಿಸಿ ಗುರುತಿನ ಚೀಟಿ ಕೇಳಿದ್ದೆ. ನೆನಪನ್ನು ಮೊದಲು ನೆನಪಾಗಿ ಪೂರ್ತಿ ಕೇಳಬೇಕು. ಅದು ಚರಿತ್ರೆಗೆ ಎಷ್ಟು ಒದಗುತ್ತದೆ ಎಂಬ ಪ್ರಶ್ನೆ ಆಮೇಲಿನದು. ಈ ಕ್ರಮ ತಲೆಕೆಳಗಾದರೆ ಮಾತನಾಡುವವರು ಮತ್ತೆ ಬಾಯಿ ಬಿಡುವುದಿಲ್ಲ.

ಹತ್ತು ದಿನ ಬಿಟ್ಟು ಅವರ ಮನೆಗೆ ಹೋದೆ. ಪೆನ್ನು, ಪುಸ್ತಕ ಯಾವುದನ್ನೂ ಒಯ್ಯಲಿಲ್ಲ. ಕ್ಷಮಿಸಿ ಎಂದೆ. ಅವರ ಮನೆಯವರು ಕಾಫಿ ಕೊಟ್ಟರು. ಎರಡು ಗಂಟೆ ಅವರು ಹೇಳಿದರು, ನಾನು ಕೇಳಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬರೆಯಬೇಡಿ ಎಂದು ಅವರೇ ಹೇಳಿದ್ದಾರೆ. ಹೊರಡುವಾಗ ಒಂದು ಮಾತು ಹೇಳಿದರು, ಅದಕ್ಕೆ ಮಾತ್ರ ಒಪ್ಪಿಗೆ ಇದೆ: “ಅರಸ ನಮ್ಮ ಮನೆಗೆ ಕೆಟ್ಟದ್ದು ಮಾಡಿದ. ಹಾಗೆಂದು ಕಂಪನಿ ಬಂದದ್ದು ಒಳ್ಳೆಯದಾಯಿತು ಎಂದು ನಾನು ಎಲ್ಲಿ ಹೇಳಿದೆ? ಅವರು ನನ್ನನ್ನು ಆ ಕಡೆಗೆ ತಳ್ಳಿಬಿಟ್ಟರು.”

ಈ ಮಾತು ಕೇಳಿದ ಮೇಲೆ ನನಗೆ ಜಗಳದ ಬೇರು ಸ್ವಲ್ಪ ಕಾಣತೊಡಗಿತು. ಬ್ಯಾಂಕಿನವರು ಕೇಳುತ್ತಿದ್ದ ಪ್ರಶ್ನೆ ಅರಸ ಒಳ್ಳೆಯವನೇ ಎಂಬುದಲ್ಲ, ನಮ್ಮವರ ದಂಗೆ ಗೌರವದ್ದೇ ಎಂಬುದು. ತೋಟದವರ ಪ್ರಶ್ನೆ ಕಂಪನಿ ಬೇಕಿತ್ತೇ ಎಂಬುದಲ್ಲ, ನಮ್ಮವರ ಭಯ ನಿಜವೇ ಎಂಬುದು. ಎರಡಕ್ಕೂ ಹೌದು ಎಂಬ ಉತ್ತರ ಒಟ್ಟಿಗೆ ನಿಲ್ಲಬಲ್ಲದು. ಕ್ರೂರಿಯೂ ಆಗಿದ್ದ, ಅನ್ಯಾಯವಾಗಿಯೂ ರಾಜ್ಯ ಕಳೆದುಕೊಂಡ ಅರಸನೊಬ್ಬ ಇರಬಾರದೆಂದು ಏನಿದೆ? ಆದರೆ ಇದನ್ನು ನಾನೇ ಸಭೆಯಲ್ಲಿ ಹೇಳಿದ್ದರೆ ತೀರ್ಪು ಕೊಟ್ಟ ಹಾಗೆ ಆಗುತ್ತಿತ್ತು. ಹೇಳಲಿಲ್ಲ. ಆ ಸಂಯಮ ಒಂದೇ ನಾನು ಸರಿಯಾಗಿ ಮಾಡಿದ ಕೆಲಸವಿರಬಹುದು.

ನಡುವೆ ಇನ್ನೆರಡು ಉಪಾಯಗಳು ಬಂದವು. ಪ್ರತಿಯೊಬ್ಬರಿಗೂ ಎರಡು ನಿಮಿಷ, ಗಂಟೆ ಬಾರಿಸುವುದು ಎಂದು ಒಬ್ಬರು ಸೂಚಿಸಿದರು. ಕಾದಂಬರಿ ಅರಸನಿಗೆ ನ್ಯಾಯ ಮಾಡಿದೆಯೇ ಇಲ್ಲವೇ ಎಂದು ಕೈ ಎತ್ತಿಸಿ ಮುಗಿಸೋಣ ಎಂದು ಇನ್ನೊಬ್ಬರು. ಎರಡನ್ನೂ ಬೇಡ ಎಂದೆ. ಕೈ ಎತ್ತಿಸಿದರೆ ಸೋತವರು ಸೋತೇ ಮನೆಗೆ ಹೋಗುತ್ತಾರೆ, ಪುಸ್ತಕ ಇದ್ದಲ್ಲಿಯೇ ಇರುತ್ತದೆ.

ಬದಲಿಗೆ ಮೂರನೆಯ ಸಭೆಗೆ ಒಂದೇ ಕೆಲಸ ಕೊಟ್ಟೆ. ಓದುವಾಗ ಮನಸ್ಸು ನಿಂತ ಒಂದು ಪುಟವನ್ನು ಗುರುತು ಮಾಡಿ ತನ್ನಿ, ಗಟ್ಟಿಯಾಗಿ ಓದಿ, ಏಕೆ ನಿಂತಿತೆಂದು ಹೇಳಿ. ಬೇರೆ ಪುಸ್ತಕ ತರುವ ಹಾಗಿಲ್ಲ. ವಾಟ್ಸ್‌ಆಪ್ ಗುಂಪಿನಲ್ಲಿ ಸಭೆಯ ದಿನ, ಸಮಯ ಬಿಟ್ಟು ಬೇರೇನೂ ಬರೆಯುವ ಹಾಗಿಲ್ಲ.

ತಿರುವು

ತೋಟದವರು ಬಂದರು. ಬ್ಯಾಂಕಿನವರಿಂದ ದೂರ, ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತರು.

ವಕೀಲೆ ರಾಣಿ ಗೌರಮ್ಮನ ಒಂದು ಪುಟವನ್ನು ಓದಿದರು. ತಾಳ್ಮೆಯೇ ಹೆಣ್ಣಿನ ಹಿರಿಮೆ ಎಂಬಂತೆ ಈ ಪಾತ್ರವನ್ನು ಕಟ್ಟಿರುವುದು ತಮಗೆ ಉಸಿರು ಕಟ್ಟಿಸುತ್ತದೆ ಎಂದರು. ಅದಕ್ಕೆ ಮತ್ತೊಬ್ಬ ಸದಸ್ಯೆ, ಇಡೀ ಅರಮನೆಯಲ್ಲಿ ರಾಜ್ಯವನ್ನು ರಾಜ್ಯವೆಂದು ಯೋಚಿಸುವವಳು ಅವಳೊಬ್ಬಳೇ, ಅವಳದು ತಾಳ್ಮೆಯಲ್ಲ ಆಡಳಿತ ಎಂದು ಉತ್ತರ ಕೊಟ್ಟರು. ಇಲ್ಲಿ ಒಂದು ಸಂಗತಿ ಚರ್ಚೆಗೆ ಬಂತು. ಕಾದಂಬರಿಯಲ್ಲಿ ಗೌರಮ್ಮ ಎಂದರೆ ರಾಣಿ. ಚರಿತ್ರೆಯಲ್ಲಿ ಪ್ರಸಿದ್ಧಳಾದ ಗೌರಮ್ಮ ಅರಸನ ಮಗಳು. ಅವಳು ಹುಟ್ಟಿದ್ದು 1841ರಲ್ಲಿ, ಪಟ್ಟ ಹೋಗಿ ಏಳು ವರ್ಷಗಳ ಮೇಲೆ, ಕಾಶಿಯಲ್ಲಿ. 1852ರಲ್ಲಿ ಇಂಗ್ಲೆಂಡಿನಲ್ಲಿ ಅವಳಿಗೆ ಕ್ರೈಸ್ತ ದೀಕ್ಷೆಯಾದಾಗ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಳು. ಚರಿತ್ರೆಯ ಅರಸನಿಗೆ ಹಲವು ಹೆಂಡಿರಿದ್ದರು. ಕಾದಂಬರಿಯ ಅರಸನ ಪಕ್ಕದಲ್ಲಿ ಒಬ್ಬಳೇ ರಾಣಿ. ಹಲವರನ್ನು ಒಬ್ಬಳನ್ನಾಗಿ ಮಾಡಿದ್ದರಿಂದ ಏನು ದಕ್ಕಿತು, ಏನು ಹೋಯಿತು? ಈ ಪ್ರಶ್ನೆ ಇಡೀ ಕೋಣೆಗೆ ಹಿಡಿಸಿತು. ಮಾಸ್ತಿಯವರು ತಪ್ಪು ಮಾಡಿದರೇ ಸರಿ ಮಾಡಿದರೇ ಎಂಬ ತೂಕ ಬಿಟ್ಟು, ಏಕೆ ಹೀಗೆ ಮಾಡಿದರು ಎಂದು ನಾವು ಕೇಳಿದ್ದು ಅದೇ ಮೊದಲು.

ಬ್ಯಾಂಕಿನವರ ಸರದಿ ಬಂದಾಗ ಅವರು ಅರಸ ತಂಗಿಯ ಮಗುವನ್ನು ಕೊಲ್ಲುವ ಭಾಗವನ್ನು ತೆಗೆದರು. ಓದಲು ಆಗಲಿಲ್ಲ. “ಇದು ನಡೆದಿಲ್ಲ ಎಂದು ಹೇಳಲು ನನ್ನ ಬಳಿ ಏನೂ ಇಲ್ಲ. ನಡೆದಿರಬಾರದು ಎಂದು ಮಾತ್ರ ಇದೆ” ಎಂದರು. ಯಾರೂ ಏನೂ ಹೇಳಲಿಲ್ಲ.

ಕೊನೆಗೆ ಕಿರಿಯಳು. ಆವರೆಗೆ ಎರಡು ಸಭೆಗಳಲ್ಲಿ ಅವಳು ಒಂದು ಮಾತೂ ಆಡಿರಲಿಲ್ಲ. ಪುಸ್ತಕ ಮುಗಿದಿಲ್ಲ ಎಂದು ಮುಜುಗರಪಡುತ್ತಿದ್ದಾಳೆ ಎಂದು ನಾನು ಭಾವಿಸಿದ್ದೆ. ಅವಳು ಭಗವತಿ ಎಂಬ ಪಾತ್ರ ಬರುವ ಪುಟವನ್ನು ಓದಿದಳು. ಓದಿದವರಿಗೆ ಗೊತ್ತು, ಭಗವತಿ ಕುಂಟ ಬಸವನ ತಾಯಿ. ಅವನ ಹುಟ್ಟಿನ ಗುಟ್ಟು ಅವಳ ಬಳಿ ಇದೆ. ಓದು ಮುಗಿಸಿ ಅವಳು ಹೇಳಿದ್ದನ್ನು ಅಂದು ರಾತ್ರಿಯೇ ಬರೆದಿಟ್ಟುಕೊಂಡೆ:

“ಎರಡು ತಿಂಗಳಿಂದ ಎಲ್ಲರೂ ಅರಸನ ಬಗ್ಗೆಯೇ ಮಾತನಾಡುತ್ತಿದ್ದೀರಿ. ಅರಸ ಕೆಟ್ಟವನಲ್ಲ ಎನ್ನುವವರು ಬಸವ ಅವನನ್ನು ಕೆಡಿಸಿದ ಎನ್ನುತ್ತೀರಿ. ಅರಸ ಕೆಟ್ಟವನು ಎನ್ನುವವರು ಬಸವ ಅವನಿಗಿಂತ ಕೆಟ್ಟವನು ಎನ್ನುತ್ತೀರಿ. ಜಗಳದಲ್ಲಿ ಎರಡೂ ಕಡೆಯವರು ಒಪ್ಪಿರುವುದು ಇದೊಂದನ್ನೇ. ನಮ್ಮ ಅಣ್ಣನಿಗೆ ಪೋಲಿಯೋದಿಂದ ಒಂದು ಕಾಲು ಹೋಗಿದೆ. ಊರಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ನಾನು ಮತ್ತು ಅಮ್ಮ ಮಾತ್ರ. ಉಳಿದವರು ಮುಂದೆ ಒಂದು ಪದ ಸೇರಿಸಿಯೇ ಕರೆಯುತ್ತಾರೆ. ಅರಸನಿಗೆ ನ್ಯಾಯ ಸಿಕ್ಕಿಲ್ಲ ಎನ್ನಲು ಸಾರ್ ಇದ್ದಾರೆ, ಅವನಿಂದ ನೊಂದ ಮನೆಗಳಿಗೆ ಅಂಕಲ್ ಇದ್ದಾರೆ. ಬಸವನ ಮನೆ ಯಾವುದು? ಅವನ ಕಡೆಯವರು ಯಾರಾದರೂ ಈಗ ಇದ್ದಾರೆಯೇ? ಅವನಿಗೆ ಒಬ್ಬಳು ತಾಯಿ ಇದ್ದಳು, ಅವಳು ಅವನಿಗಾಗಿ ಅತ್ತಳು ಎಂದು ಬರೆದವರು ಈ ಪುಸ್ತಕದವರೊಬ್ಬರೇ.”

ಕೋಣೆ ಎಷ್ಟು ಹೊತ್ತು ಮೌನವಾಗಿತ್ತೋ ನೆನಪಿಲ್ಲ. ಕೆಳಗೆ ಬೀದಿಯಲ್ಲಿ ತರಕಾರಿ ಗಾಡಿಯವನ ಕೂಗು ಕೇಳಿದ್ದು ನೆನಪಿದೆ.

ಅವಳ ಮಾತಿನ ಬಗ್ಗೆ ಆಮೇಲೆ ಬಹಳ ಯೋಚಿಸಿದ್ದೇನೆ. ನಮ್ಮ ಇಬ್ಬರು ಹಿರಿಯರ ಹಿಂದೆಯೂ ಮನೆತನಗಳಿದ್ದವು, ಐನ್‌ಮನೆಗಳಿದ್ದವು, ಹೆಸರು ಹೇಳಿ ಎಡೆ ಇಡುವ ಹಿರಿಯರಿದ್ದರು. ಅವರ ನೋವು ನಿಜ, ಆದರೆ ಅದನ್ನು ಇಲ್ಲಿಯವರೆಗೆ ಹೊತ್ತು ತರಲು ಕೈಗಳಿದ್ದವು. ಚರಿತ್ರೆಯ ಬಸವನಿಗೆ ಅಂಥ ಕೈ ಯಾವುದೂ ಇರಲಿಲ್ಲ. ಅವನನ್ನು ಕಂಪನಿಯವರು ಬೈದರು, ಪಾದ್ರಿಗಳು ಬೈದರು, ಅರಸನನ್ನು ಪ್ರೀತಿಸಿದವರೂ ಬೈದರು. ಕಾದಂಬರಿಯಲ್ಲಿಯೂ ಅವನು ಒಳ್ಳೆಯವನಲ್ಲ, ಮಾಸ್ತಿಯವರು ಅವನ ಕೆಡುಕನ್ನು ಎಲ್ಲಿಯೂ ಮುಚ್ಚಿಟ್ಟಿಲ್ಲ. ಆದರೆ ಅವನಿಗೆ ಒಂದು ಹುಟ್ಟು, ಒಬ್ಬ ತಾಯಿ, ಕಳೆದುಹೋದ ಒಂದು ಹಕ್ಕು ಇದೆ. ಚಾರಿತ್ರಿಕ ಕಾದಂಬರಿ ದಾಖಲೆಗೆ ಎಷ್ಟು ನಿಷ್ಠವಾಗಿದೆ ಎಂಬ ಒಂದೇ ಅಳತೆಗೋಲನ್ನು ನಾವು ಹಿಡಿದಿದ್ದೆವು. ದಾಖಲೆ ಯಾರನ್ನು ಮನುಷ್ಯನೆಂದೇ ಎಣಿಸಲಿಲ್ಲವೋ ಅವನ ಬಳಿಗೆ ಕಾದಂಬರಿ ಹೋಯಿತೇ ಎಂದು ಕೇಳಲು ಇಪ್ಪತ್ತಾರು ವರ್ಷದ ಹುಡುಗಿ ಬೇಕಾಯಿತು.

ಅಂದು ತೋಟದವರು ಹೊರಡುವಾಗ ಅವಳ ಅಣ್ಣನ ಹೆಸರೇನೆಂದು ಕೇಳಿದರು. ಅವಳು ಹೇಳಿದಳು.

ಮುಂದೆ ನಡೆದದ್ದು

ಮಡಿಕೇರಿಗೆ ಹೋಗಿ ಬರೋಣ ಎಂದು ಹೇಳಿದವರು ಬ್ಯಾಂಕಿನವರು. ಎಂಟು ಜನ ಒಂದು ವ್ಯಾನು ಮಾಡಿಕೊಂಡು ಹೋದೆವು. ಕೋಟೆಯನ್ನು ನೋಡಿದೆವು, ಅರಸನ ತಂದೆ ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನಕ್ಕೆ ಹೋದೆವು. ಕೊನೆಗೆ ಗದ್ದಿಗೆಗೆ. ಅಲ್ಲಿ ಗುಮ್ಮಟಗಳ ಕೆಳಗೆ ದೊಡ್ಡವೀರರಾಜೇಂದ್ರ ಮತ್ತು ಲಿಂಗರಾಜೇಂದ್ರರ ಸಮಾಧಿಗಳಿವೆ, ರಾಜಗುರುವಿನದೂ ಇದೆ. ಅರಸರ ದಂಡಿನ ನಾಯಕನಾಗಿದ್ದ ಬಿದ್ದಂಡ ಬೋಪುವಿನ ಸಮಾಧಿಯೂ ಅದೇ ಆವರಣದಲ್ಲಿದೆ. ತಂದೆಯ ಗದ್ದಿಗೆ ಕಟ್ಟಿಸಿದ ಚಿಕವೀರರಾಜೇಂದ್ರನಿಗೆ ಮಾತ್ರ ಅಲ್ಲಿ ಜಾಗವಿಲ್ಲ. ಅವನು 1859ರಲ್ಲಿ ಲಂಡನ್ನಿನಲ್ಲಿ ಸತ್ತ.

ಬ್ಯಾಂಕಿನವರು ಬೋಪುವಿನ ಸಮಾಧಿಯ ಮುಂದೆ ಬಹಳ ಹೊತ್ತು ನಿಂತರು. ಅರಸರಿಗಾಗಿ ಟಿಪ್ಪುವಿನ ಸೇನೆಯೊಡನೆ ಕಾದ ಕೊಡವ ಅವನು. ಅವನ ಪಕ್ಕದಲ್ಲಿ ನಿಂತು ‘ಪದಕ ಸಿಕ್ಕಿದ ಮನೆಗಳು’ ಎಂಬ ಮಾತು ಎಷ್ಟು ಸಣ್ಣದಾಗಿ ಕಂಡಿತೆಂದು ಅವರು ಹಿಂತಿರುಗುವಾಗ ವ್ಯಾನಿನಲ್ಲಿ ಎಲ್ಲರ ಎದುರಿಗೆ ಹೇಳಿದರು. ತೋಟದವರು ಕಿಟಕಿಯಿಂದ ಹೊರಗೆ ನೋಡುತ್ತಲೇ, “ದಂಗೆಯನ್ನು ಕಾಟುಕಾಯಿ ಎನ್ನುವುದು ತಪ್ಪು, ನನ್ನ ಬಾಯಿಂದ ಅದು ಬರುವುದಿಲ್ಲ” ಎಂದರು. ಅಷ್ಟೇ. ಕಾದಂಬರಿಯ ಬಗ್ಗೆ ಇಬ್ಬರ ಅಭಿಪ್ರಾಯವೂ ಬದಲಾಗಿಲ್ಲ. ಕಂಪನಿಯ ಕಣ್ಣು ಈ ಪುಸ್ತಕದ ಒಳಗೆ ಇದೆ ಎಂದು ಒಬ್ಬರು ಇಂದಿಗೂ ಹೇಳುತ್ತಾರೆ. ಇದಕ್ಕಿಂತ ಮೆತ್ತಗೆ ಬರೆದಿದ್ದರೆ ಸುಳ್ಳಾಗುತ್ತಿತ್ತು ಎಂದು ಇನ್ನೊಬ್ಬರು ಹೇಳುತ್ತಾರೆ. ಕಿತ್ತಳೆಯ ಚೀಲ ಮತ್ತೆ ಓಡಾಡುತ್ತಿದೆ.

ಮೇಷ್ಟ್ರು ಮಡಿಕೇರಿಗೆ ಬರಲಿಲ್ಲ. ಐದನೆಯ ಸಭೆಯ ಹಿಂದಿನ ದಿನ ಫೋನು ಮಾಡಿ, ಇನ್ನು ಮುಂದೆ ಬಳಗಕ್ಕೆ ಬರುವುದಿಲ್ಲ ಎಂದು ತಿಳಿಸಿದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. “ಐದು ತಿಂಗಳಲ್ಲಿ ಒಬ್ಬರಾದರೂ ಆ ಗದ್ಯದ ಬಗ್ಗೆ ಮಾತನಾಡಿದಿರೇನಮ್ಮ? ದಾಖಲೆ ನೋಡಿದಿರಿ, ಮನೆಯ ನೆನಪು ನೋಡಿದಿರಿ, ಸಮಾಧಿ ನೋಡಿದಿರಿ. ಒಂದು ವಾಕ್ಯವನ್ನು ನೋಡಲಿಲ್ಲ. ಅದು ಕಾದಂಬರಿ ಎಂಬುದನ್ನೇ ಮರೆತಿರಿ. ಮಹಡಿಯ ಬೀಗದ ಕೈ ನಿಮ್ಮ ಹತ್ತಿರವೇ ಇರಲಿ, ಬೇಕಾದಾಗ ಬಂದು ಸೇರಿ. ನಾನು ಕೆಳಗೆ ಇರುತ್ತೇನೆ” ಎಂದರು.

ಅವರನ್ನು ಕೆಳಗೆ ಬಿಟ್ಟು ಅವರ ಮಹಡಿಯಲ್ಲಿ ಕುಳಿತು ಪುಸ್ತಕ ಓದುವುದು ನಮ್ಮಿಂದ ಆಗದ ಕೆಲಸ. ಈಗ ಒಂದು ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಸೇರುತ್ತೇವೆ. ಅಲ್ಲಿ ಕಾಫಿ ಇಲ್ಲ, ಆರಕ್ಕೆ ಬಾಗಿಲು ಹಾಕುತ್ತಾರೆ.

ಅವರು ಹೇಳಿದ್ದು ಬಹುಮಟ್ಟಿಗೆ ಸರಿ ಎಂದು ನನಗೆ ಅನಿಸುತ್ತದೆ. ಪೂರ್ತಿ ಸರಿ ಎನ್ನಲಾರೆ. ಮನೆಯ ನೆನಪುಗಳನ್ನು ಹೊರಗಿಟ್ಟು ಆ ಪುಸ್ತಕವನ್ನು ಬರಿಯ ಕಲೆಯಾಗಿ ಓದಲು ಮೇಷ್ಟ್ರಿಗೆ ಸಾಧ್ಯವಿತ್ತು, ಏಕೆಂದರೆ ಅವರ ಮನೆಯವರು ಯಾರೂ ಆ ಕಥೆಯಲ್ಲಿ ಇರಲಿಲ್ಲ. ಇನ್ನಿಬ್ಬರಿಗೆ ಅದು ಸಾಧ್ಯವಿರಲಿಲ್ಲ. ಆದರೆ ವಾಕ್ಯವನ್ನು ನೋಡಲಿಲ್ಲ ಎಂಬ ಆರೋಪಕ್ಕೆ ನನ್ನಲ್ಲಿ ಉತ್ತರವಿಲ್ಲ. ಜಗಳವನ್ನು ನಿಭಾಯಿಸುವುದರಲ್ಲಿಯೇ ನನ್ನ ಗಮನವೆಲ್ಲ ಹೋಯಿತು. ಸುಮ್ಮನಿದ್ದವರನ್ನು ಒಪ್ಪಿದವರೆಂದು ಎಣಿಸಿದೆ. ಕಿರಿಯಳ ಮೌನವನ್ನು ತಪ್ಪಾಗಿ ತಿಳಿದೆ, ಮೇಷ್ಟ್ರ ಮೌನವನ್ನು ಗಮನಿಸಲೇ ಇಲ್ಲ. ಎರಡನೆಯ ಸಭೆಯಲ್ಲಿ ಅವರು ಕಿಟಕಿಯ ಕಡೆ ತಿರುಗಿ ಕುಳಿತಾಗಲೇ ಕೇಳಬೇಕಾಗಿತ್ತು.

ಇದರಿಂದ ಬಳಗದ ರೀತಿ ಕೆಲವು ವಿಷಯಗಳಲ್ಲಿ ಬದಲಾಗಿದೆ. ಚಾರಿತ್ರಿಕ ಕಾದಂಬರಿಯನ್ನು ಆರಿಸುವ ಮೊದಲು ಆ ನಾಡಿನವರು, ಆ ಕಾಲದ ನೆನಪು ಇರುವ ಮನೆಯವರು ನಮ್ಮಲ್ಲಿ ಇದ್ದಾರೆಯೇ ಎಂದು ಕೇಳುತ್ತೇವೆ. ಇದ್ದರೆ ಮೊದಲ ಅರ್ಧ ಗಂಟೆ ಅವರದು, ನಡುವೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಗಟ್ಟಿಯಾಗಿ ಓದುವುದು ಈಗ ಪ್ರತಿ ಸಭೆಯಲ್ಲಿಯೂ ಇದೆ. ರಾತ್ರಿಯ ಚರ್ಚೆ ಇಲ್ಲ.

ಐದನೆಯ ಸಭೆಯನ್ನು ಮೇಷ್ಟ್ರ ಆಕ್ಷೇಪಕ್ಕೇ ಮೀಸಲಿಟ್ಟೆವು. ಆ ಗದ್ಯದ ಬಗ್ಗೆ ಮಾತನಾಡಲು ಕುಳಿತಾಗ ನಮ್ಮಲ್ಲಿ ಯಾರಿಗೂ ಸರಿಯಾಗಿ ಬರಲಿಲ್ಲ. ಇಷ್ಟು ಸರಳವಾದ, ಅಲಂಕಾರವಿಲ್ಲದ ವಾಕ್ಯಗಳಲ್ಲಿ ಇಷ್ಟು ಕ್ರೌರ್ಯವನ್ನು ಹೇಗೆ ಹೇಳಿದರು ಎಂಬಲ್ಲಿಗೆ ಬಂದು ನಿಂತೆವು. ಆ ಪ್ರಶ್ನೆಯನ್ನೇ ಒಂದು ಕಾಗದದಲ್ಲಿ ಬರೆದು, ಎಲ್ಲರೂ ಸಹಿ ಹಾಕಿ, ಕಿರಿಯಳ ಕೈಯಲ್ಲಿ ಮೇಷ್ಟ್ರಿಗೆ ಕಳುಹಿಸಿದೆವು. ಹದಿನೈದು ದಿನ ಬಿಟ್ಟು ಉತ್ತರ ಬಂತು. ಮಸಿ ಪೆನ್ನಿನಲ್ಲಿ ಬರೆದ ಏಳು ಪುಟ, ಪ್ರತಿ ಪುಟದಲ್ಲಿಯೂ ಕಾದಂಬರಿಯ ಒಂದೊಂದು ವಾಕ್ಯವನ್ನು ಹಿಡಿದು ಬಿಡಿಸಿದ್ದರು. ಕೊನೆಯ ಎರಡು ಪುಟ ಭಗವತಿಯ ಮಾತುಗಳ ಬಗ್ಗೆ.

ಕಳೆದ ತಿಂಗಳು ಅದನ್ನು ಸಭೆಯಲ್ಲಿ ತೋಟದವರು ಗಟ್ಟಿಯಾಗಿ ಓದಿದರು. ಮುಗಿಯುವ ಹೊತ್ತಿಗೆ ಆರಾಗಿತ್ತು, ಗ್ರಂಥಾಲಯದವರು ದೀಪ ಆರಿಸಲು ಬಂದು ಬಾಗಿಲ ಬಳಿ ನಿಂತು ತಾವೂ ಕೇಳಿದರು. ಮಹಡಿಯ ಬೀಗದ ಕೈಯನ್ನು ನಾನು ಇನ್ನೂ ಹಿಂತಿರುಗಿಸಿಲ್ಲ.